ಮಗ ಎದುರಿಗೇ ಕೂತಿದ್ದ

ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ತಿಂಡಿಗೆ ಹೋಗಿದ್ದೆ. ಪರಿಚಯದ ಗಂಡ ಹೆಂಡತಿ ಸಿಕ್ಕರು, ಜೊತೆಗೆ ಫಸ್ಟ್ ಪಿಯು ಓದುವ ಮಗ. ಒಂದೇ ಟೇಬಲ್ಲಿಗೆ ಕೂತೆವು. ಕೂತಿದ್ದೇ ತಡ, ಶುರುವಾಯಿತು. "ಸಾರ್, ಇವನು ಯಾರ ಜೊತೆಗೂ ಸೇರಲ್ಲ. ಯಾವಾಗ ನೋಡಿದ್ರೂ ರೂಮ್ ಬಾಗಿಲು ಹಾಕ್ಕೊಂಡಿರ್ತಾನೆ. ನೀವಾದ್ರೂ ಬುದ್ಧಿ ಹೇಳಿ. ನಾವೇನು ಕಮ್ಮಿ ಮಾಡಿದೀವಿ?"

ಹುಡುಗ ಅಲ್ಲೇ ಇದ್ದಾನೆ ಸ್ವಾಮಿ! ಅಷ್ಟು ಹೊತ್ತಿನಲ್ಲಿ ಅವನನ್ನು ಕೇಳಿದ್ದು ಒಂದೇ ಪ್ರಶ್ನೆ: ಇನ್ನೊಂದು ವಡೆ ಬೇಕಾ?

ಹೈಸ್ಕೂಲ್ ಮೇಷ್ಟ್ರಾಗಿ ಈ 'ಏನು ಕಮ್ಮಿ' ಅನ್ನೋ ಮಾತನ್ನು ಎಷ್ಟು ಪೇರೆಂಟ್ಸ್ ಮೀಟಿಂಗಿನಲ್ಲಿ ಕೇಳಿದ್ದೇನೋ. ಫೀಸು, ಕೋಚಿಂಗು, ಶೂಸು, ಎಲ್ಲದರ ಲೆಕ್ಕವೂ ಬರುತ್ತದೆ. 1987ರಲ್ಲಿ ಆರ್ಮ್ಸ್‌ಡೆನ್ ಮತ್ತು ಗ್ರೀನ್‌ಬರ್ಗ್ ಅಂತ ಇಬ್ಬರು ಮನಃಶಾಸ್ತ್ರಜ್ಞರು ಹದಿಹರೆಯದವರಿಗೆ ಅಪ್ಪ ಅಮ್ಮನ ಜೊತೆ ಎಷ್ಟು ನಂಟಿದೆ ಅಂತ ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ನೋಡುವುದು ಮೂರೇ ವಿಷಯ. ನಂಬಿಕೆ ಇದೆಯಾ, ಮಾತುಕತೆ ಇದೆಯಾ, ಮನೆಯವರಿಂದ ದೂರವಾದ ಹಾಗೆ ಅನ್ನಿಸುತ್ತದೆಯಾ. ಶೂಸಿನ ಸುದ್ದಿಯೇ ಇಲ್ಲ.

"ಫ್ರೆಂಡ್ಸ್ ಇಲ್ಲ, ಅದಕ್ಕೇ ಕ್ರಿಕೆಟ್ ಕೋಚಿಂಗಿಗೆ ಹಾಕ್ತೀವಿ" ಅಂದರು ಅಪ್ಪ. ಹಾಕಲಿ, ಬೇಡ ಅನ್ನೋದಿಲ್ಲ. ಆದರೆ ರಾಬರ್ಟ್ ವೈಸ್ ಅನ್ನೋ ಸಮಾಜಶಾಸ್ತ್ರಜ್ಞ 1973ರಲ್ಲೇ ಒಂಟಿತನ ಎರಡು ಬಗೆಯದು ಅಂದಿದ್ದರು. ಜೊತೆಗಾರರ ಗುಂಪು ಇಲ್ಲದ್ದು ಒಂದು, ತೀರಾ ಹತ್ತಿರದವರು ಅಂತ ಒಬ್ಬರೂ ಇಲ್ಲದ್ದು ಇನ್ನೊಂದು. ಒಂದನ್ನು ತುಂಬಿಸಿದರೆ ಇನ್ನೊಂದು ತುಂಬುವುದಿಲ್ಲ. ನೆಟ್ಸಿನಲ್ಲಿ ಇಪ್ಪತ್ತು ಹುಡುಗರ ಮಧ್ಯೆ ನಿಂತೂ ಒಂಟಿಯಾಗಿರಬಹುದು.

ಇನ್ನು ನಮ್ಮ ವಯಸ್ಸಿನವರ ಪಲ್ಲವಿ ಇದ್ದೇ ಇದೆ. "ನಮ್ಮಪ್ಪ ನಮ್ಮ ಜೊತೆ ಮಾತೇ ಆಡ್ತಿರಲಿಲ್ಲ, ನಾವೇನು ಹಾಳಾದ್ವಾ? ಎಲ್ಲ ಈ ಮೊಬೈಲಿಂದ." ಸರಿ, ಆಡ್ತಿರಲಿಲ್ಲ. ನಾನು ಯಾವ ಸೆಕ್ಷನ್ ಅಂತ ನಮ್ಮಪ್ಪನಿಗೂ ಗೊತ್ತಿರಲಿಲ್ಲ. ಆದರೆ ನಾವಿದ್ದದ್ದು ಚಾಮರಾಜಪೇಟೆಯ ವಠಾರದಲ್ಲಿ. ಮನೆಯಲ್ಲಿ ಅಜ್ಜಿ, ಮದುವೆಯಾಗದ ಸೋದರತ್ತೆ, ಗೋಡೆಯಾಚೆ ಪಕ್ಕದ ಮನೆ ಮಾಮಿ. ಹತ್ತನೇ ಕ್ಲಾಸಿನಲ್ಲಿ ನನಗೆ ಯಾರೂ ಬೇಡ ಅನ್ನಿಸಿಬಿಟ್ಟಿತ್ತು. ಕಾರಣ ಇಲ್ಲಿ ಬರೆಯೋದಿಲ್ಲ. ಹೇಳಿಕೊಂಡಿದ್ದು ಅತ್ತೆಯ ಹತ್ತಿರ ಮಾತ್ರ, ಅವರು ಅವರೆಕಾಳು ಬಿಡಿಸುತ್ತಾ ಕೇಳಿಸಿಕೊಂಡರು. ಅಪ್ಪನಿಗೆ ವಿಷಯ ಕೊನೆತನಕ ಗೊತ್ತಾಗಲೇ ಇಲ್ಲ. ನಂಟಿನ ಬಗ್ಗೆ ಮೊದಲು ದೊಡ್ಡದಾಗಿ ಬರೆದ ಜಾನ್ ಬೌಲ್ಬಿ ಕೂಡ ಮಗು ಒಬ್ಬರಿಗಿಂತ ಜಾಸ್ತಿ ಜನರನ್ನು ಹಚ್ಚಿಕೊಳ್ಳುತ್ತದೆ ಅಂದಿದ್ದಾರೆ. ಈಗ ಕನಕಪುರ ರಸ್ತೆಯ ಫ್ಲಾಟಿನಲ್ಲಿ ಆ ಅತ್ತೆ ಎಲ್ಲಿದ್ದಾರೆ? ಇರುವುದು ಇಬ್ಬರೇ. ಆ ಇಬ್ಬರೂ ಔಟರ್ ರಿಂಗ್ ರೋಡ್ ಟ್ರಾಫಿಕ್ಕಿನಲ್ಲಿ.

ಮೊಬೈಲ್ ಮುಗ್ಧ ಅಂತ ನಾನು ಹೇಳ್ತಿಲ್ಲ. ಆದರೆ ಅದನ್ನು ಕಿತ್ತುಕೊಂಡ ಮೇಲೆ ಆ ಹುಡುಗ ಯಾರ ಜೊತೆ ಮಾತಾಡಬೇಕು? ಮಾತಾಡಿದರೆ ನಾಳೆ ಹೋಟೆಲಿನಲ್ಲಿ ಸಿಕ್ಕ ಮೇಷ್ಟ್ರಿಗೆ ಅದು ವರದಿಯಾಗುತ್ತದೆ. ನಾನಾಗಿದ್ದರೂ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಆ ವಯಸ್ಸಿಗೆ ಬಾಗಿಲು ಹಾಕಿಕೊಳ್ಳೋದು ತಪ್ಪೂ ಅಲ್ಲ ಬಿಡಿ. ತೆಗೆದು ಹೊರಗೆ ಬಂದಾಗ ಮೊದಲು ಕಿವಿಗೆ ಬೀಳುವುದು ಟೆಸ್ಟ್ ಮಾರ್ಕ್ಸ್ ಆದರೆ ಮತ್ತೆ ಒಳಗೆ ಹೋಗ್ತಾರೆ, ಅಷ್ಟೇ.

ಆ ತಾಯಿಗೆ ಇದನ್ನೆಲ್ಲ ಹೇಳಬೇಕಿತ್ತು. ಹೇಳಲಿಲ್ಲ. ಮತ್ತೆ ಮಗನ ಎದುರಿಗೇ ಮಗನ ವಿಷಯ ಆಗ್ತಿತ್ತು. ಸುಮ್ನೆ ಟೆಲಿಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್ ಕೊಟ್ಟೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. "ಇವನ ಕೈಲಿ ಮಾಡಿಸ್ತೀನಿ ಸಾರ್" ಅಂದರು. ಮೊದಲು ನೀವಿಬ್ಬರು ಮಾಡಿ ಅಂದೆ. ಅವರಿಗೆ ಬೇಜಾರಾಯಿತು ಅಂತ ಕಾಣುತ್ತದೆ. ಆಗಲಿ.