ಲಾತುಷ್ಕಾ ಮತ್ತು 2020ರ ಆಗಸ್ಟ್

ಬೆಲಾರೂಸ್‌ನ ರಾಜಕಾರಣಿ ಪಾವೆಲ್ ಲಾತುಷ್ಕಾ ಕುರಿತು ನಾನು ಓದಿದ ಲೇಖನವೊಂದರಲ್ಲಿ ಅವರು ಪೋಲೆಂಡ್, ಫ್ರಾನ್ಸ್‌ಗಳಲ್ಲಿ ಬೆಲಾರೂಸ್ ರಾಯಭಾರಿಯಾಗಿದ್ದ ವರ್ಷಗಳಿಗೇ ಹೆಚ್ಚು ಜಾಗ ಸಿಕ್ಕಿದೆ. ನನಗೆ ದೊಡ್ಡದಾಗಿ ಕಾಣುವುದು 2020ರ ಆಗಸ್ಟ್. ಆಗ ಅವರು ಬೆಲಾರೂಸ್ ರಾಜಧಾನಿ ಮಿನ್ಸ್ಕ್‌ನ ಯಾಂಕಾ ಕುಪಾಲಾ ರಾಷ್ಟ್ರೀಯ ರಂಗಮಂದಿರದ ನಿರ್ದೇಶಕರು. ಅಧ್ಯಕ್ಷೀಯ ಚುನಾವಣೆಯ ಬಳಿಕ ಪೊಲೀಸರು ಪ್ರತಿಭಟನಕಾರರನ್ನು ಬಡಿದದ್ದನ್ನು ಬಹಿರಂಗವಾಗಿ ಖಂಡಿಸಿದರು, ಕೆಲಸ ಹೋಯಿತು. ಅವರ ಬೆನ್ನಿಗೇ ತಂಡದ ಬಹುಪಾಲು ಕಲಾವಿದರು ರಾಜೀನಾಮೆ ಕೊಟ್ಟರು! ಅಷ್ಟು ಮಂದಿ ಅನ್ನದ ದಾರಿ ಬಿಟ್ಟು ಜೊತೆಗೆ ನಿಂತದ್ದು ಸಣ್ಣ ಮಾತಲ್ಲ.

ಆದರೆ ಅವರು 2009ರಿಂದ 2012ರವರೆಗೆ ಅಧ್ಯಕ್ಷ ಲುಕಾಶೆಂಕಾ ಸರ್ಕಾರದ ಸಂಸ್ಕೃತಿ ಸಚಿವರಾಗಿದ್ದವರು. 2010ರ ಡಿಸೆಂಬರ್‌ನಲ್ಲಿ ಪ್ರತಿಭಟನೆಯನ್ನು ಹತ್ತಿಕ್ಕಿದಾಗಲೂ ಆ ಕುರ್ಚಿಯಲ್ಲೇ ಇದ್ದರು. ಇದನ್ನು ಲೇಖಕರು ಹೇಳಬೇಕಿತ್ತು. ಹಾಗಂತ, 2023ರಲ್ಲಿ ಬೆಲಾರೂಸ್ ನ್ಯಾಯಾಲಯದಿಂದ ಗೈರುಹಾಜರಿಯಲ್ಲೇ 18 ವರ್ಷಗಳ ಶಿಕ್ಷೆಗೆ ಗುರಿಯಾದವರನ್ನು ಬರೀ ಅವಕಾಶವಾದಿ ಎನ್ನಲು ನನಗೆ ಮನಸ್ಸು ಬಾರದು.