ಮೆಟ್ಟಿಲು ಹತ್ತುತ್ತೀರಾ?

ಕಾಲಿಗೆ ಆಪರೇಷನ್ ಆಗಿದೆ ಅಂದರೆ ನಮ್ಮ ಚಿಕ್ಕಬಳ್ಳಾಪುರದಲ್ಲಿ ಎಲ್ಲರೂ ಹೇಳುವುದು ಒಂದೇ, ಕಾಲು ಸೂಪ್ ಕುಡಿಯಿರಿ. ಮಾಂಸ ಮುಟ್ಟದವರ ಮನೆಯಾದರೆ ಅದು ರಾಗಿ ಗಂಜಿಯಾಗುತ್ತದೆ, ಇಲ್ಲವೇ ನುಗ್ಗೆಸೊಪ್ಪಿನ ಸಾರಾಗುತ್ತದೆ. ಆದರೆ ಅದೇ ಕಾಲಿಟ್ಟುಕೊಂಡು ವಿಮಾನ ಹತ್ತಬೇಕಾದರೆ ಏನು ಮಾಡಬೇಕು ಅಂತ ಕೇಳಿ ನೋಡಿ. ಇಡೀ ಬೀದಿ ಸುಮ್ಮನಾಗುತ್ತದೆ.

ನನ್ನದು ದೊಡ್ಡ ಕಾಯಿಲೆಯೇನಲ್ಲ. ಎಡಗಾಲಿನ ಹೆಬ್ಬೆರಳು ವರ್ಷಗಟ್ಟಲೆ ಪಕ್ಕದ ಬೆರಳಿನ ಕಡೆಗೆ ವಾಲಿಕೊಂಡು, ಬುಡದಲ್ಲಿ ಗಂಟು ಕಟ್ಟಿ, ಯಾವ ಚಪ್ಪಲಿಗೂ ಒಗ್ಗದ ಹಾಗಾಗಿತ್ತು. ಡಾಕ್ಟರು ಇದಕ್ಕೆ ಬನಿಯನ್ ಅಂದರು. ಪಕ್ಕದಲ್ಲಿ ಕೂತಿದ್ದ ಯಜಮಾನರು ತಕ್ಷಣ ತಮ್ಮ ಅಂಗಿ ಕಾಲರು ಸರಿಮಾಡಿಕೊಂಡರು. ಮೂಳೆ ಕತ್ತರಿಸಿ, ನೆಟ್ಟಗೆ ಕೂರಿಸಿ, ಸ್ಕ್ರೂ ಹಾಕಿದರು. ಮೂಳೆ ಕೂಡಿಕೊಳ್ಳಲು ಆರು ವಾರವಾದರೂ ಬೇಕು. ಅಲ್ಲಿವರೆಗೆ ಮುಂಗಾಲಿಗೆ ಭಾರ ಬೀಳದಂತೆ ಹಿಮ್ಮಡಿಯ ಮೇಲೇ ನಡೆಸುವ ಒಂದು ವಿಚಿತ್ರ ಬೂಟು. ಅದನ್ನು ಹಾಕಿಕೊಂಡು ಮನೆಯೊಳಗೆ ಬಾತುಕೋಳಿ ಥರ ಓಡಾಡಬಹುದು, ಅಷ್ಟೇ. ಇದರ ಮಧ್ಯೆ ದೆಹಲಿಯಲ್ಲಿ ಮಗಳ ಮನೆಯ ಗೃಹಪ್ರವೇಶ ಬಂತು. ಮುಹೂರ್ತಕ್ಕೆ ನನ್ನ ಹೆಬ್ಬೆರಳಿನ ಕಥೆ ಕಟ್ಟಿಕೊಂಡು ಏನಾಗಬೇಕು?

ಡಾಕ್ಟರು ಹೋಗಿ ಬನ್ನಿ ಅಂದರು. ಮಗಳು ಫೋನಿನಲ್ಲಿ "ವ್ಹೀಲ್‌ಚೇರ್ ಬುಕ್ ಮಾಡ್ತೀನಮ್ಮ" ಅಂದಳು. ಬೇಡವೇ ಬೇಡ ಅಂದೆ. ಊರಲ್ಲಿ ಯಾರಾದರೂ ನೋಡಿದರೆ ಏನಂದುಕೊಳ್ಳುತ್ತಾರೆ? ದೇವನಹಳ್ಳಿ ಏರ್‌ಪೋರ್ಟು ಬೆಂಗಳೂರಿನ ಹೆಸರಲ್ಲಿದ್ದರೂ ನಮಗೆ ಅದು ಪಕ್ಕದ ಮನೆ. ಹೆದ್ದಾರಿ ಹಿಡಿದರೆ 30 ಕಿಲೋಮೀಟರಿನ ಆಸುಪಾಸು. ಜಯನಗರದವರು ಇನ್ನೂ ಹೆಬ್ಬಾಳದ ಫ್ಲೈಓವರ್ ಮೇಲೆ ಉಸಿರು ಬಿಡುತ್ತಿರುವಾಗ ನಾವು ಅಲ್ಲಿ ಕಾಫಿ ಕುಡಿಯುತ್ತಿರುತ್ತೇವೆ. ಹಾಗಾಗಿ ಅಲ್ಲಿ ಕೆಲಸ ಮಾಡುವ ನಮ್ಮೂರ ಹುಡುಗರೂ ಜಾಸ್ತಿ. ಯಾರ ಮುಂದೆ ತಳ್ಳಿಸಿಕೊಂಡು ಹೋಗುವುದು?

ಮಗಳು ನನ್ನ ಮಾತು ಕೇಳಲಿಲ್ಲ. ಕೇಳದೇ ಇದ್ದದ್ದು ಒಳ್ಳೆಯದೇ ಆಯಿತು. ಏಕೆಂದರೆ ಈ ಸಹಾಯದ ಏರ್ಪಾಡು ನಾನು ಅಂದುಕೊಂಡ ಹಾಗಿಲ್ಲ. ನಿಮಗೆ ಏನು ಕಾಯಿಲೆ ಅನ್ನೋದು ಬುಕ್ ಮಾಡುವಾಗ ಮುಖ್ಯವಲ್ಲ. ನಿಮ್ಮ ಕೈಲಿ ಏನು ಆಗೋದಿಲ್ಲ ಅನ್ನೋದಷ್ಟೇ ಬೇಕು. ದೂರ ನಡೆಯೋಕೆ ಆಗುತ್ತಾ? ಮೆಟ್ಟಿಲು ಹತ್ತೋಕೆ ಆಗುತ್ತಾ? ವಿಮಾನದೊಳಗೆ ಸೀಟಿನ ತನಕ ಹೋಗೋಕೆ ಆಗುತ್ತಾ? ಜಗತ್ತಿನ ವಿಮಾನ ಕಂಪನಿಗಳೆಲ್ಲ ಇದಕ್ಕೆ ಮೂರು ಸಂಕೇತ ಇಟ್ಟುಕೊಂಡಿವೆ. ಮೆಟ್ಟಿಲು ಹತ್ತುತ್ತೇನೆ, ದೂರ ಮಾತ್ರ ಆಗಲ್ಲ ಅಂದರೆ ಡಬ್ಲ್ಯೂಸಿಎಚ್‌ಆರ್. ಮೆಟ್ಟಿಲು ಆಗಲ್ಲ, ಆದರೆ ಒಳಗೆ ಹೋದಮೇಲೆ ಸೀಟಿನವರೆಗೆ ನಡೆಯುತ್ತೇನೆ ಅಂದರೆ ಡಬ್ಲ್ಯೂಸಿಎಚ್‌ಎಸ್. ನಡೆಯೋಕೇ ಆಗಲ್ಲ, ಸೀಟಿನ ತನಕ ಕರೆದುಕೊಂಡು ಹೋಗಿ ಕೂರಿಸಬೇಕು ಅಂದರೆ ಡಬ್ಲ್ಯೂಸಿಎಚ್‌ಸಿ. ಕೊನೇ ಅಕ್ಷರವೊಂದೇ ವ್ಯತ್ಯಾಸ, ಆದರೆ ಎಡವಟ್ಟಾಗುವುದೆಲ್ಲ ಅಲ್ಲೇ.

ಹೇಗೆ ಅಂದರೆ, ವಿಮಾನ ಯಾವಾಗಲೂ ಗೇಟಿಗೆ ಅಂಟಿಕೊಂಡೇ ನಿಂತಿರುತ್ತದೆ ಅಂತ ಗ್ಯಾರಂಟಿ ಇಲ್ಲ. ಗೇಟಿನಿಂದ ವಿಮಾನದ ಬಾಗಿಲಿಗೆ ಸೇರಿಸುವ ಏರೋಬ್ರಿಡ್ಜ್ ಸಿಕ್ಕರೆ ಪುಣ್ಯ, ಕುರ್ಚಿಯಲ್ಲೇ ಬಾಗಿಲ ತನಕ ಹೋಗಬಹುದು. ಸಿಗದಿದ್ದರೆ ಬಸ್ಸಲ್ಲಿ ತುಂಬಿಸಿಕೊಂಡು ಬಯಲಿನಲ್ಲಿ ನಿಂತ ವಿಮಾನದ ಹತ್ತಿರ ಬಿಡುತ್ತಾರೆ, ಎದುರಿಗೆ ಕಡಿದಾದ ಮೆಟ್ಟಿಲು. ಎಸ್ ಅಂತ ಬರೆಸಿದ್ದರೆ ಆಂಬುಲಿಫ್ಟ್ ಅನ್ನುವ ಗಾಡಿ ಬರಬೇಕು, ಇಡೀ ಡಬ್ಬವನ್ನೇ ಮೇಲೆತ್ತಿ ವಿಮಾನದ ಬಾಗಿಲಿಗೆ ಸೇರಿಸುತ್ತದೆ. ಆರ್ ಅಂತ ಬರೆಸಿದ್ದರೆ ಮೆಟ್ಟಿಲ ಬುಡದಲ್ಲಿ ಕುರ್ಚಿ ನಿಲ್ಲುತ್ತದೆ. ತಳ್ಳಿಕೊಂಡು ಬಂದ ಹುಡುಗ ಪಾಪ ಏನು ಮಾಡುತ್ತಾನೆ? ಅವನ ಕೈಲಿರುವ ಚೀಟಿಯಲ್ಲಿ ನೀವು ಮೆಟ್ಟಿಲು ಹತ್ತುವ ಗಟ್ಟಿಗರು.

ಇಲ್ಲೇ ನಮ್ಮ ಕಡೆಯವರ ಸ್ವಭಾವ ಅಡ್ಡ ಬರುವುದು. "ಮೆಟ್ಟಿಲು ಹತ್ತುತ್ತೀರಾ ಮೇಡಂ?" ಅಂತ ಕಾಲ್ ಸೆಂಟರಿನ ಹುಡುಗಿ ಮರ್ಯಾದೆಯಿಂದ ಕೇಳಿದರೆ, "ಹಂಗೂ ಹಿಂಗೂ ಹತ್ತುತ್ತೀನಮ್ಮ, ನಿಧಾನಕ್ಕೆ" ಅನ್ನುತ್ತೇವೆ. ಇನ್ನೊಬ್ಬರಿಗೆ ತೊಂದರೆ ಕೊಡಬಾರದು ಅನ್ನೋದು ರಕ್ತದಲ್ಲೇ ಬಂದಿದೆ. ಆದರೆ ಅಲ್ಲಿ ಹಂಗೂ ಹಿಂಗೂ ಅನ್ನೋದಕ್ಕೆ ಸಂಕೇತ ಇಲ್ಲ. ನಮ್ಮ ಮಗಳು ನನ್ನ ಕೈಗೆ ಫೋನೇ ಕೊಡದೆ ಎಸ್ ಬರೆಸಿದಳು.

ಇನ್ನು ನಿಯಮದ ವಿಷಯ. ನಮ್ಮ ದೇಶದಲ್ಲಿ ಇಂಥ ಸಹಾಯ ಬೇಕಾದವರು ವಿಮಾನ ಹೊರಡುವ 48 ಗಂಟೆ ಮೊದಲು ತಿಳಿಸಬೇಕು. ನಡೆಯಲಾಗದವರಿಂದ ಇದಕ್ಕೆ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಆಪರೇಷನ್ ಆಗಿ ಹೆಚ್ಚು ದಿನ ಆಗಿಲ್ಲದಿದ್ದರೆ ಪ್ರಯಾಣ ಮಾಡಬಹುದು ಅಂತ ಡಾಕ್ಟರ ಪತ್ರ ಕೇಳಬಹುದು. ಕೆಲವು ಕಂಪನಿಗಳು ಮೆಡಿಫ್ ಅನ್ನುವ ಫಾರಂ ಕೊಟ್ಟು ಡಾಕ್ಟರಿಂದ ತುಂಬಿಸಿ ತನ್ನಿ ಅನ್ನುತ್ತವೆ. ಕಾಲಿಗೆ ಹೊಸದಾಗಿ ಪೂರ್ತಿ ಪ್ಲಾಸ್ಟರ್ ಹಾಕಿಸಿಕೊಂಡವರಿಗೆ ಇನ್ನೊಂದು ಕಂಡೀಷನ್ ಇದೆ. ಮೊದಲ 48 ಗಂಟೆ ಒಳಗೆ ಹಾರುವುದಾದರೆ ಪ್ಲಾಸ್ಟರನ್ನು ಉದ್ದಕ್ಕೆ ಸೀಳಿಸಿಕೊಂಡು ಬನ್ನಿ ಅನ್ನುವ ಕಂಪನಿಗಳಿವೆ, ಕಾಲು ಊದಿಕೊಂಡರೆ ಒಳಗೆ ಜಾಗ ಬೇಕಲ್ಲ. ಫೋನಿನಲ್ಲಿ ಹೇಳಿದ್ದೇನೆ ಅಂತ ನೆಮ್ಮದಿಯಾಗಿ ಕೂರುವ ಹಾಗೂ ಇಲ್ಲ, ಬುಕಿಂಗಿನಲ್ಲಿ ಆ ಸಂಕೇತ ಏರಿದೆಯಾ ಅಂತ ಹಿಂದಿನ ದಿನ ಇನ್ನೊಮ್ಮೆ ಕೇಳಿಕೊಳ್ಳಬೇಕು.

ಕೇಳಿದ್ದೆಲ್ಲ ಸಿಗುತ್ತದೆ ಅಂತಲೂ ಅಲ್ಲ. 2024ರ ಫೆಬ್ರವರಿಯಲ್ಲಿ ಮುಂಬೈಗೆ ಬಂದಿಳಿದ 80 ವರ್ಷದ ಹಿರಿಯರೊಬ್ಬರ ಸುದ್ದಿ ನೆನಪಿರಬಹುದು. ಗಂಡ ಹೆಂಡತಿ ಇಬ್ಬರಿಗೂ ವ್ಹೀಲ್‌ಚೇರ್ ಬುಕ್ ಆಗಿತ್ತು, ಬಂದದ್ದು ಒಂದು. ಹೆಂಡತಿಯನ್ನು ಕೂರಿಸಿ ಅವರು ಪಕ್ಕದಲ್ಲಿ ನಡೆದರು. ಇಮಿಗ್ರೇಷನ್ ಹತ್ತಿರ ಕುಸಿದರು, ಉಳಿಯಲಿಲ್ಲ. ಆ ಕಂಪನಿಗೆ 30 ಲಕ್ಷ ರೂಪಾಯಿ ದಂಡ ಬಿತ್ತು. ಇದನ್ನು ಓದಿದಮೇಲೆ ನನ್ನ ಸಂಕೋಚ ಅರ್ಧ ಹೋಯಿತು. ಎರಡನೇ ಕುರ್ಚಿ ಬರುವ ತನಕ ಕದಲುವುದಿಲ್ಲ ಅಂತ ಗಟ್ಟಿಯಾಗಿ ಕೂರುವುದು ನಾಚಿಕೆಯ ವಿಷಯ ಅಲ್ಲ.

ಸೀಟಿನ ಆಯ್ಕೆಯೂ ಒಂದು ವಿದ್ಯೆ. ಎಮರ್ಜೆನ್ಸಿ ಬಾಗಿಲ ಪಕ್ಕದ ಸೀಟಲ್ಲಿ ಕಾಲು ಚಾಚಲು ಜಾಗ ಜಾಸ್ತಿ, ಆದರೆ ನಮ್ಮಂಥವರನ್ನು ಅಲ್ಲಿ ಕೂರಿಸುವುದಿಲ್ಲ, ಬೇರೆಯವರಿಗೆ ಬಾಗಿಲು ತೆಗೆದುಕೊಡಬೇಕಾದ ಜಾಗ ಅದು. ಉಳಿದದ್ದು ಓಡಾಡುವ ದಾರಿ ಪಕ್ಕದ ಸೀಟು. ಅಲ್ಲಿ ತಿಂಡಿ ಗಾಡಿಯ ಭಯ. ಆ ಗಾಡಿ ಎರಡು ಕಡೆಯ ಮೊಣಕಾಲುಗಳ ವಿಚಾರಣೆ ಮಾಡಿಕೊಂಡೇ ಮುಂದೆ ಹೋಗುವುದು. ಮೂರು ಮೂರು ಸೀಟಿನ ವಿಮಾನದಲ್ಲಿ ಎಡಗಾಲಿಗೆ ಆಪರೇಷನ್ ಆದವರು ಸಿ ಸೀಟು ಹಿಡಿಯಬೇಕು, ದಾರಿ ಬಲಕ್ಕೆ ಬರುತ್ತದೆ, ಎಡಗಾಲು ಒಳಗಡೆ ಉಳಿಯುತ್ತದೆ. ಬಲಗಾಲಿನವರಿಗೆ ಡಿ. ಇಷ್ಟು ಸಣ್ಣ ವಿಷಯವನ್ನು ಯಾವ ಆಸ್ಪತ್ರೆಯವರೂ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಯುವುದಿಲ್ಲ.

ಅವರು ಬರೆಯುವುದು, ಕಾಲನ್ನು ಎದೆಗಿಂತ ಎತ್ತರದಲ್ಲಿಡಿ ಅಂತ. ಎಕಾನಮಿ ಕ್ಲಾಸಿನಲ್ಲಿ ಅದನ್ನು ಮಾಡಬಲ್ಲವರು ಯೋಗಾಸನದ ಮೇಷ್ಟ್ರು ಮಾತ್ರ. ಡಾಕ್ಟರು ನಿಜವಾಗಿ ಹೆದರುವುದು ರಕ್ತ ಹೆಪ್ಪುಗಟ್ಟುವುದಕ್ಕೆ. ಮೀನಖಂಡದ ಸ್ನಾಯು ಹಿಂಡಿದಾಗಲೇ ಕಾಲಿನ ರಕ್ತ ಮೇಲಕ್ಕೆ ಹೋಗುವುದು. ಆಪರೇಷನ್ ಆದಮೇಲೆ ಆ ಕೆಲಸವೇ ಕಡಿಮೆ, ಅದರ ಮೇಲೆ ಗಂಟೆಗಟ್ಟಲೆ ಕೂತರೆ ಕೇಳಬೇಕಾ? ಅದಕ್ಕೇ ಯಾವಾಗ ಹಾರಬಹುದು, ಇಂಜೆಕ್ಷನ್ ಬೇಕಾ ಬೇಡವಾ ಅನ್ನೋದನ್ನು ಅವರನ್ನೇ ಕೇಳಬೇಕು, ಸೂಪ್ ಕುಡಿಯಿರಿ ಅಂದವರನ್ನಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟೇ ಅಂತೆ. ನಮ್ಮ ನಂದಿಬೆಟ್ಟವೇ 4,851 ಅಡಿ. ಅಂದರೆ ಕೂತಲ್ಲೇ ನಂದಿಬೆಟ್ಟ ದಾಟಿ ಮೇಲೆ ಹೋದ ಹಾಗಾಯಿತು. ದೆಹಲಿಗೆ ಎರಡೂಮುಕ್ಕಾಲು ಗಂಟೆ, ನಾನು ಆ ಪೂರಾ ಹೊತ್ತು ಪಾದದ ಕೀಲು ಆಡಿಸುತ್ತ, ನೀರು ಕುಡಿಯುತ್ತ ಕೂತಿದ್ದೆ. ನೀರು ಕುಡಿದಮೇಲೆ ಟಾಯ್ಲೆಟ್ಟಿಗೆ ಹೋಗಬೇಕಲ್ಲ, ಆ ಹಾಳು ಬೂಟಲ್ಲಿ. ಅದನ್ನು ವಿವರಿಸುವುದಿಲ್ಲ.

ಸೆಕ್ಯೂರಿಟಿಯಲ್ಲಿ ಒಳಗಿನ ಸ್ಕ್ರೂಗೆ ಯಂತ್ರ ಕೂಗಬಹುದು, ಕೂಗದೆಯೂ ಇರಬಹುದು. ಕುರ್ಚಿಯಲ್ಲಿ ಕೂತವರನ್ನು ಹೇಗೂ ಪಕ್ಕಕ್ಕೆ ಕರೆದು ಕೈಯಲ್ಲೇ ತಪಾಸಣೆ ಮಾಡುತ್ತಾರೆ. ಡಾಕ್ಟರ ಚೀಟಿ ಕೈಗೆ ಸಿಗುವಂತಿರಬೇಕು, ಅಷ್ಟೇ.

ಕುರ್ಚಿಯಲ್ಲಿ ಕೂತಮೇಲೆ ಆದ ದೊಡ್ಡ ಬದಲಾವಣೆ ಬೇರೆಯದು. ಯಾರೂ ನನ್ನನ್ನು ಮಾತಾಡಿಸುವುದೇ ಇಲ್ಲ. "ಇವರ ಬೋರ್ಡಿಂಗ್ ಪಾಸ್ ಎಲ್ಲಿ?" ಅಂತ ತಳ್ಳುವ ಹುಡುಗನನ್ನು ಕೇಳುತ್ತಾರೆ. "ಇವರಿಗೆ ನೀರು ಬೇಕಾ?" ಅಂತ ಯಜಮಾನರನ್ನು ಕೇಳುತ್ತಾರೆ. ನಮ್ಮ ಯಜಮಾನರಿಗೆ ಇಷ್ಟು ವರ್ಷದಲ್ಲಿ ಮೊದಲ ಬಾರಿ ನನ್ನ ಪರವಾಗಿ ಮಾತಾಡುವ ಅವಕಾಶ. ಬಿಡುತ್ತಾರಾ? ನೀರು ಬೇಡ, ಕಾಫಿಯೂ ಬೇಡ, ಸಕ್ಕರೆ ಕಡಿಮೆ ಮಾಡಿದ್ದಾಳೆ ಅಂತೆಲ್ಲ ವರದಿ ಒಪ್ಪಿಸಿದರು. ಒಂದು ಲಾಭವೂ ಇತ್ತು ಅನ್ನಿ. ಎರಡನೇ ಟರ್ಮಿನಲ್‌ನಲ್ಲಿ ಮೇಲಿನಿಂದ ತೂಗುವ ಗಿಡಗಳನ್ನು, ಬಿದಿರಿನ ಚಾವಣಿಯನ್ನು ಕತ್ತೆತ್ತಿಕೊಂಡೇ ನೋಡುತ್ತ ಹೋದೆ. ನಡೆಯುವವರು ಗೇಟ್ ನಂಬರ್ ನೋಡುತ್ತಿದ್ದರು.

ದೆಹಲಿಯಲ್ಲಿ ಎಲ್ಲರೂ ಇಳಿದಮೇಲೆ ನಮ್ಮ ಸರದಿ. ಮೊದಲು ಹತ್ತಿಸುತ್ತಾರೆ, ಕೊನೆಗೆ ಇಳಿಸುತ್ತಾರೆ. ಅಲ್ಲಿನ ಮೂರನೇ ಟರ್ಮಿನಲ್‌ನ ಉದ್ದ ನೋಡಿದಮೇಲೆ ನಾಚಿಕೆಯ ಉಳಿದರ್ಧವೂ ಹೋಯಿತು. ವಾಪಸ್ ಬರುವಾಗ ಬಯಲಿನ ವಿಮಾನವೇ ಸಿಕ್ಕಿತು. ಆಂಬುಲಿಫ್ಟ್ ತಡವಾಗಿ ಬಂತು, ಆದರೆ ಬಂತು. ಮೆಟ್ಟಿಲ ಸಾಲಿನಲ್ಲಿ ಬ್ಯಾಗು ಹೊತ್ತು ನಿಂತವರನ್ನು ಮೇಲಿನಿಂದ ನೋಡುವುದರಲ್ಲಿ ಸ್ವಲ್ಪ ದೊಡ್ಡಸ್ತಿಕೆ ಬಂದದ್ದು ಸುಳ್ಳಲ್ಲ.

ಕಾಲು ಸರಿ ಇದ್ದರೂ ಕುರ್ಚಿ ಕೇಳುವವರು ಇದ್ದಾರೆ ಅಂತ ದೂರು ಇದೆ. ಅಮೆರಿಕದ ಮಕ್ಕಳ ಮನೆಗೆ ಒಂಟಿಯಾಗಿ ಹೊರಟ ಅಪ್ಪ ಅಮ್ಮಂದಿರೇ ಅದರಲ್ಲಿ ಜಾಸ್ತಿ. ಭಾಷೆ ಬರದ ಕಡೆ ವಿಮಾನ ಬದಲಿಸಬೇಕಲ್ಲ, ಕುರ್ಚಿ ತಳ್ಳುವವರು ದಾರಿಯನ್ನೂ ತೋರಿಸುತ್ತಾರೆ. ನನಗೆ ಅವರ ಮೇಲೆ ಸಿಟ್ಟು ಬರುವುದಿಲ್ಲ. ಕೈ ಹಿಡಿದು ದಾರಿ ತೋರಿಸುವ ಬೇರೊಂದು ಏರ್ಪಾಡು ಇದ್ದರೆ ಅವರ್ಯಾಕೆ ಕುರ್ಚಿ ಕೇಳುತ್ತಾರೆ? ಮೊನ್ನೆ ನಮ್ಮ ಬೀದಿಯ ಮೇಷ್ಟ್ರೊಬ್ಬರು ಬಂದಿದ್ದರು. ಮಗ ಡಲ್ಲಾಸಿಗೆ ಟಿಕೆಟ್ ಕಳಿಸಿದ್ದಾನೆ, ನನಗೂ ಅದೇನೋ ಎಸ್ ಅಂತ ಬರೆಸಿಕೊಡಿ ಅಂದರು. ಮೆಟ್ಟಿಲು ಹತ್ತುತ್ತೀರಾ ಅಂತ ಕೇಳಿದೆ. "ಪ್ರತಿ ಭಾನುವಾರ ನಂದಿಬೆಟ್ಟ ಹತ್ತುತ್ತೀನಲ್ಲಮ್ಮ" ಅಂದರು, ಸ್ವಲ್ಪ ಬೇಜಾರಿನಲ್ಲೇ.