ಬಲಗಡೆಯ ಮೇಲ್ಮೂಲೆ

ಒಂದು ಕಾಲದಲ್ಲಿ ಥಿಯೇಟರಿನಲ್ಲಿ ಕೆಲಸಕ್ಕಿದ್ದೆ ಅಂದರೆ ಸಾಕು, ಎದುರಿನವರ ಮುಖದಲ್ಲಿ ಹೊಟ್ಟೆಕಿಚ್ಚು ಇಣುಕುತ್ತದೆ. 'ಹಾಗಾದ್ರೆ ದಿನಾ ಪುಕ್ಕಟೆ ಸಿನಿಮಾ!' ಪುಕ್ಕಟೆಯೇನೋ ಹೌದು. ಆದರೆ ನೂರಾರು ಸಲ ಓಡಿಸಿದ ಚಿತ್ರದ ಕತೆ ಹೇಳು ಅಂದರೆ ನಾನು ಇವತ್ತಿಗೂ ತಡವರಿಸುತ್ತೇನೆ.

ನಾನಿದ್ದದ್ದು ಕ್ಯಾಬಿನ್ನಿನಲ್ಲಿ, ಆಪರೇಟರಿಗೆ ಕೈಯಾಳಾಗಿ. ಅಲ್ಲಿ ಎರಡು ಪ್ರೊಜೆಕ್ಟರು. ಫಿಲ್ಮಿನ ಮೇಲೆ ಸಾಲಾಗಿ ಅಚ್ಚಾದ ಪುಟ್ಟ ಚಿತ್ರಗಳು (ಫ್ರೇಮುಗಳು) ಸೆಕೆಂಡಿಗೆ 24ರಂತೆ ಓಡಿದರೆ 2000 ಅಡಿಯ ರೀಲು ಸುಮಾರು 22 ನಿಮಿಷಕ್ಕೆ ಖಾಲಿ. ಅಷ್ಟರೊಳಗೆ ಪಕ್ಕದ ಯಂತ್ರಕ್ಕೆ ಮುಂದಿನ ರೀಲು ಏರಿಸಬೇಕು, ಮುಗಿದದ್ದನ್ನು ಹಿಂದಕ್ಕೆ ಸುತ್ತಬೇಕು. ಸುತ್ತುವಾಗ ಫಿಲ್ಮಿನ ಅಂಚನ್ನು ಎರಡು ಬೆರಳ ನಡುವೆ ಹಾಯಿಸುತ್ತಾ ಹೋಗಬೇಕು. ಎಲ್ಲಾದರೂ ಚುರುಕ್ಕೆಂದರೆ ಅಲ್ಲಿ ಹರಕು ಇದೆ ಎಂದರ್ಥ. ಕತ್ತರಿಸಿ ಅಂಟಿಸಿದಾಗಲೆಲ್ಲ ನಾಲ್ಕಾರು ಚಿತ್ರ ಕಸದ ಡಬ್ಬಿಗೆ. ಹಾಗಾಗಿ ಹಳೆಯ ಪ್ರಿಂಟಿನಲ್ಲಿ ಕುರ್ಚಿಯಲ್ಲಿ ಕೂತಿದ್ದ ನಾಯಕ ಏಳದೆಯೇ ಬಾಗಿಲಲ್ಲಿ ನಿಂತಿರುತ್ತಿದ್ದ. ಅವನ ಆ ಎರಡು ಹೆಜ್ಜೆ ನುಂಗಿದವರಲ್ಲಿ ನಾನೂ ಒಬ್ಬ.

ಬೆಳಕಿನದು ಇನ್ನೊಂದು ಗೋಳು. ಎರಡು ಕಾರ್ಬನ್ ಕಡ್ಡಿಗಳ ತುದಿ ಎದುರುಬದುರಾಗಿ ಉರಿದರೆ ತೆರೆಯ ಮೇಲೆ ಬೆಳಕು. ಉರಿದಂತೆ ಕಡ್ಡಿ ಸವೆಯುತ್ತದೆ, ನಡುವಿನ ಸಂದು ಅಗಲವಾಗುತ್ತದೆ, ಬೆಳಕು ಕುಗ್ಗುತ್ತದೆ. ಕಪ್ಪು ಗಾಜಿನಲ್ಲಿ ಇಣುಕಿ ಮತ್ತೆ ಮತ್ತೆ ಹತ್ತಿರ ತರಬೇಕು. ಒಂದು ಕ್ಷಣ ಮೈಮರೆತರೆ ನಾಯಕಿಗೆ ಮಂಕು ಬಡಿಯಿತೆಂದೇ ಲೆಕ್ಕ.

ಫಿಲ್ಮಿನಲ್ಲಿ ಮಾತೂ ಮುಖವೂ ಒಂದೇ ಕಡೆ ಇರುವುದಿಲ್ಲ ಎಂದರೆ ಈಗಿನವರು ನಂಬುತ್ತಾರೋ ಇಲ್ಲವೋ. ಒಂದು ಚಿತ್ರಕ್ಕೆ ಸೇರಿದ ಸದ್ದು ಅದಕ್ಕಿಂತ ಸುಮಾರು 20 ಚಿತ್ರ ಮುಂದೆ ಅಚ್ಚಾಗಿರುತ್ತದೆ, ಏಕೆಂದರೆ ಸದ್ದು ಓದುವ ಭಾಗ ಯಂತ್ರದಲ್ಲಿ ಕೆಳಗಿದೆ. ನಡುವೆ ಬಿಡುವ ಫಿಲ್ಮಿನ ಕುಣಿಕೆ ತುಸು ದೊಡ್ಡದಾಯಿತೋ, ಮೊದಲು ತುಟಿ ಅಲ್ಲಾಡಿ ಆಮೇಲೆ ಮಾತು ಬರುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಖಳನಾಯಕ ಬಾಯಿ ಮುಚ್ಚಿಕೊಂಡೇ ಬೈದ. ಕೆಳಗೆ ಶಿಳ್ಳೆ, ಕೂಗಾಟ. ಕ್ಯಾಬಿನ್ನಿನಲ್ಲೊಬ್ಬ ಮನುಷ್ಯನಿದ್ದಾನೆ ಎಂದು ಜನಕ್ಕೆ ನೆನಪಾಗುವುದು ಅಂಥ ಹೊತ್ತಿನಲ್ಲೇ. ಎಲ್ಲ ಸರಿಯಾಗಿ ನಡೆದ ದಿನ ಯಾರೂ ಕತ್ತು ತಿರುಗಿಸಿ ನೋಡಿದ್ದಿಲ್ಲ.

ಇಷ್ಟೆಲ್ಲದರ ನಡುವೆ ನಾನು ಕಿಂಡಿಯಿಂದ ತೆರೆಯ ಕಡೆ ನೋಡುತ್ತಿದ್ದದ್ದು ರೀಲು ಮುಗಿಯುವ ಹೊತ್ತಿಗೆ ಮಾತ್ರ. ಅದೂ ಕತೆಯನ್ನಲ್ಲ, ಬಲಗಡೆಯ ಮೇಲ್ಮೂಲೆಯನ್ನು. ಅಲ್ಲೊಂದು ಪುಟ್ಟ ಚುಕ್ಕೆ ಮಿನುಗುತ್ತದೆ. ನಾಲ್ಕೇ ಚಿತ್ರದಷ್ಟು ಹೊತ್ತು, ರೆಪ್ಪೆ ಬಡಿದರೆ ಹೋಯಿತು. ಕಂಡ ಕೂಡಲೇ ಎರಡನೇ ಯಂತ್ರದ ಮೋಟಾರು ಹಾಕಬೇಕು. ಏಳೆಂಟು ಸೆಕೆಂಡು ಕಳೆದರೆ ಇನ್ನೊಂದು ಚುಕ್ಕೆ. ಥಟ್ಟನೆ ಬದಲಾಯಿಸು! ಒಳ್ಳೆಯ ಆಪರೇಟರು ಬದಲಾಯಿಸಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ನಮ್ಮ ಆಪರೇಟರು ಅಂಥವರು. ಹೊಗಳಿದರೆ ಮಾತ್ರ ಗೊಣಗುತ್ತಿದ್ದರು.

ಹೀಗಾಗಿ ನಾನು ಕಂಡ ಸಿನಿಮಾ ಎಂದರೆ 22 ನಿಮಿಷಕ್ಕೊಮ್ಮೆ ಬರುವ ಹತ್ತು ಸೆಕೆಂಡು. ಯಾರೋ ಬಾಗಿಲು ತಟ್ಟುತ್ತಾರೆ, ಚುಕ್ಕೆ. ಯಾರೋ ಕಾಗದ ಒಡೆಯುತ್ತಾರೆ, ಚುಕ್ಕೆ. ಆ ಕಾಗದದಲ್ಲಿ ಏನಿತ್ತೆಂದು ಒಮ್ಮೆ ಟಾರ್ಚು ಹಿಡಿದು ಸೀಟು ತೋರಿಸುತ್ತಿದ್ದ ಹುಡುಗನನ್ನು ಕೇಳಿದೆ. ಅವನಿಗೆ ಜನರ ಕಾಲುಗಳಷ್ಟೇ ಗೊತ್ತಿತ್ತು.

ಮೊನ್ನೆ ಹೊಸ ಥಿಯೇಟರಿಗೆ ಹೋಗಿದ್ದೆ. ರೀಲಿಲ್ಲ, ಕಾರ್ಬನ್ನಿಲ್ಲ, ಮೆತ್ತನೆಯ ಸೀಟು. ಕೊನೆಗೂ ಒಂದು ಚಿತ್ರವನ್ನು ಇಡಿಯಾಗಿ ನೋಡೋಣವೆಂದು ಕೂತೆ. ಇಪ್ಪತ್ತು ನಿಮಿಷ ಆಗಿರಬೇಕು, ಕಣ್ಣು ತಾನಾಗಿ ಬಲಗಡೆಯ ಮೇಲ್ಮೂಲೆಗೆ ಹೋಯಿತು. ಕೈ ಕತ್ತಲಲ್ಲಿ ಏನನ್ನೋ ಹುಡುಕಿತು. ಪಕ್ಕದ ಸೀಟಿನವರು ತಮ್ಮ ಮೊಣಕೈಯನ್ನು ಮೆಲ್ಲಗೆ ಆಚೆ ಎಳೆದುಕೊಂಡರು.